ಬೋಟಿಂಗ್ ಅರ್ಜಿಗೆ ನಾನೇಕೆ ಸಹಿ ಹಾಕಲಿಲ್ಲ

ಕಳೆದ ಭಾನುವಾರ ಬೆಳಿಗ್ಗೆ ಬೆಳಗಾವಿಯ ನಮ್ಮ ಬಡಾವಣೆಯ ನಾಲ್ವರು ಹಿರಿಯರು ಮನೆಗೆ ಬಂದಿದ್ದರು. ಕೈಯಲ್ಲಿ ಒಂದು ಅರ್ಜಿ. ಬಡಾವಣೆಯ ಕೆಳಗಿನ ತಗ್ಗಿನಲ್ಲಿ ಅಳಿದುಳಿದ ಗದ್ದೆಗಳನ್ನೂ ಪಕ್ಕದ ಪಾಳು ನೆಲವನ್ನೂ ಸೇರಿಸಿ ಕೆರೆ ಮಾಡಬೇಕು, ಅದು ವರ್ಷವಿಡೀ ತುಂಬಿರಬೇಕು, ಸುತ್ತ ನಡೆದಾಡುವ ದಾರಿ, ಬಣ್ಣದ ದೀಪ, ಮಕ್ಕಳಿಗೆ ಬೋಟಿಂಗ್, ಸಂಜೆ ಹೊತ್ತಿಗೆ ತಿನಿಸಿನ ಅಂಗಡಿಗಳು. ಕೊನೆಯಲ್ಲಿ ಇನ್ನೊಂದು ಸಾಲು: ‘ಇದರಿಂದ ಮಳೆಗಾಲದಲ್ಲಿ ಮನೆಗಳಿಗೆ ನೀರು ನುಗ್ಗುವುದೂ ತಪ್ಪುತ್ತದೆ.’ ಆಗಲೇ ಮೂವತ್ತೆಂಟು ಸಹಿಗಳಾಗಿದ್ದವು. ನಾನು ಚಹಾ ಕೊಟ್ಟೆ, ಸಹಿ ಕೊಡಲಿಲ್ಲ.

ಅಂದಿನಿಂದ ಬಡಾವಣೆಯ ವಾಟ್ಸ್ಆಪ್ ಗುಂಪಿನಲ್ಲಿ ನಾನು ಅಭಿವೃದ್ಧಿ ವಿರೋಧಿ. ಅಲ್ಲಿ ಉತ್ತರ ಬರೆದರೆ ಮರುದಿನ ಬೆಳಗಿನ ಶುಭೋದಯದ ಗುಲಾಬಿಗಳ ಅಡಿಯಲ್ಲಿ ಅದು ಹೂತುಹೋಗುತ್ತದೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಬೇಸರವಾದವರು ಮುಂದೆ ಹೋಗಬಹುದು.

ಅರ್ಜಿಯಲ್ಲಿ ಎರಡು ಆಸೆಗಳಿವೆ. ಕೆರೆ ಸದಾ ತುಂಬಿರಬೇಕು, ನೆರೆಯೂ ತಪ್ಪಬೇಕು. ಬಿಡಿಬಿಡಿಯಾಗಿ ಎರಡೂ ಒಳ್ಳೆಯವೇ. ಆದರೆ ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಮನುಷ್ಯರ ಬಗ್ಗೆ ಹೇಳಿದ್ದು. ತುಂಬಿದ ಕೊಡವನ್ನು ನಲ್ಲಿಯ ಕೆಳಗಿಟ್ಟು ನೋಡಿ. ಜೂನ್ ಒಂದರಂದೇ ಅಂಚಿನವರೆಗೆ ನೀರು ನಿಂತಿರುವ ಕೆರೆ ಆಗಸ್ಟ್‌ನ ಮಳೆಗೆ ಒಂದು ತಂಬಿಗೆಯಷ್ಟು ಜಾಗವನ್ನೂ ಕೊಡಲಾರದು. ಮೇಲಿನಿಂದ ಬಂದಷ್ಟನ್ನೂ ಕೆಳಗೆ ದಾಟಿಸುತ್ತದೆ. ಆ ಕೆಳಗೆ ಯಾರಿದ್ದಾರೆ? ನಾವಲ್ಲದಿದ್ದರೆ ನಮ್ಮಂಥವರೇ ಮತ್ಯಾರೋ.

ಇಷ್ಟು ಹೇಳಲು ನನಗೇನು ಅಧಿಕಾರ ಎಂದು ಕೇಳುವವರಿಗಾಗಿ, ಮೊದಲು ನನ್ನ ತಪ್ಪನ್ನೇ ಹೇಳಿಕೊಳ್ಳುತ್ತೇನೆ. ನಾನು ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿದವನು. ಅದರಲ್ಲಿ ಹನ್ನೊಂದು ವರ್ಷ ಮನೆ ಸಾಲದ ಮೇಜಿನ ಹಿಂದೆ ಕಳೆದಿದ್ದೇನೆ. ಉತಾರ (ಜಮೀನಿನ ದಾಖಲೆ) ನೋಡುವುದು, ಅದರ ಮೇಲೆ ಬೋಜಾ, ಅಂದರೆ ಸಾಲದ ಹೊರೆ, ಇದೆಯೇ ಎಂದು ಹುಡುಕುವುದು, ಹೊಲವನ್ನು ಕೃಷಿಯೇತರ ಬಳಕೆಗೆ ಬಿಡುವ ಎನ್‌ಎ ಆದೇಶದ ತಾರೀಖನ್ನು ಲೇಔಟ್ ನಕ್ಷೆಯ ತಾರೀಖಿನ ಜೊತೆ ತಾಳೆ ಹಾಕುವುದು, ಇವೆಲ್ಲ ನನಗೆ ಕಣ್ಣು ಮುಚ್ಚಿದರೂ ಬರುತ್ತಿದ್ದವು. 2005ರಲ್ಲಿ ನನಗಾಗಿ ಒಂದು ಪ್ಲಾಟ್ ಕೊಂಡಾಗಲೂ ಅಷ್ಟನ್ನೂ ಮಾಡಿದೆ. ಕಾಗದಪತ್ರ ಹಾಲಿನಂತೆ ಶುಭ್ರವಾಗಿದ್ದವು. ಈ ನೆಲ ಎಷ್ಟು ತಗ್ಗಿನಲ್ಲಿದೆ ಎಂದು ಮಾತ್ರ ಯಾವ ಕಾಗದವೂ ಹೇಳುತ್ತಿರಲಿಲ್ಲ. ಅಲ್ಲಿ ಹಿಂದಿನ ಮಳೆಗಾಲದವರೆಗೂ ಭತ್ತ ಬೆಳೆಯುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಭತ್ತ ಎಲ್ಲಿ ಬೆಳೆಯುತ್ತದೆ ಎಂದು ಮೂರನೆಯ ತರಗತಿಯ ಹುಡುಗನೂ ಹೇಳುತ್ತಾನೆ. ನೀರು ನಿಲ್ಲುವ ಕಡೆ.

ಬೆಳಗಾವಿಯ ಹೊರಗಿನವರಿಗೆ ಒಂದು ಮಾತು. ಊರಿನ ದಕ್ಷಿಣ, ಪೂರ್ವದ ಅಂಚಿನಲ್ಲಿ ಬಳ್ಳಾರಿ ನಾಲಾ ಎಂಬ ಹಳ್ಳ ಹರಿಯುತ್ತದೆ. ಯಳ್ಳೂರು, ಅನಗೋಳ, ವಡಗಾವಿ, ಶಹಾಪುರದ ಬಯಲುಗಳ ನೀರೆಲ್ಲ ಅದಕ್ಕೆ ಸೇರಬೇಕು. ಈ ಬಯಲೇ ಬೆಳಗಾವಿ ಬಾಸುಮತಿಯ ಬಯಲು. ಕೆಲವು ವರ್ಷ ನಾಲೆ ಉಕ್ಕಿ, ಬಿತ್ತಿದ್ದು ಕೊಳೆತು, ರೈತರು ಎರಡನೆಯ ಸಲ ಬಿತ್ತುವುದುಂಟು. ಹೂಳು, ಅಂತರಗಂಗೆ ಎಂಬ ನೀರ ಕಳೆ, ಒತ್ತುವರಿ ಎಂಬ ಮೂರು ಮಾತು ಪ್ರತಿ ಜುಲೈನಲ್ಲೂ ಪತ್ರಿಕೆಗಳ ಸ್ಥಳೀಯ ಪುಟದಲ್ಲಿ ಬರುತ್ತವೆ, ಪ್ರತಿ ಅಕ್ಟೋಬರ್‌ನಲ್ಲೂ ಮರೆತುಹೋಗುತ್ತವೆ.

ಇನ್ನು 2018ರ ಜನವರಿಗೆ ಹೋಗೋಣ. ನನ್ನ ತಂಗಿಯ ಮಗ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾನೆ. ನಾನೂ ನಮ್ಮ ಮನೆಯವರೂ ಅವನಲ್ಲಿಗೆ ಹೋಗಿ ಎರಡು ತಿಂಗಳು ಇದ್ದೆವು. ಒಂದು ದಿನ ಅವನು ಬಾರ್ಕರ್ ಎಂಬ ಜಲಾಶಯ ತೋರಿಸುತ್ತೇನೆ ಎಂದು ಕರೆದುಕೊಂಡು ಹೋದ. ನಮ್ಮ ಜಿಲ್ಲೆಯ ಹಿಡಕಲ್ ಅಣೆಕಟ್ಟು ನೋಡಿದವನು ನಾನು. ಜಲಾಶಯ ಎಂದರೆ 51 ಟಿಎಂಸಿಯ ನೀರು, ಗೇಟು, ಗಾಳಿಗೆ ಏಳುವ ಅಲೆ ಎಂದೇ ನನ್ನ ಲೆಕ್ಕ. ಇಲ್ಲಿ ಕಾರಿನಿಂದ ಇಳಿದರೆ ಹುಲ್ಲು, ಮರ, ಸೈಕಲ್ ತುಳಿಯುವವರು, ಫುಟ್‌ಬಾಲ್ ಆಡುವ ಮಕ್ಕಳು. ಇನ್ನೊಂದು ಕಡೆ ನನ್ನ ವಯಸ್ಸಿನ ಗಂಡಸರು ರಿಮೋಟ್ ಹಿಡಿದು ಆಟಿಕೆ ವಿಮಾನ ಹಾರಿಸುತ್ತಿದ್ದರು.

‘ಎಲ್ಲಪ್ಪಾ ಜಲಾಶಯ?’ ಎಂದೆ.

‘ನೀವು ಅದರೊಳಗೇ ನಿಂತಿದ್ದೀರಿ ಮಾಮಾ’ ಎಂದ.

1929ರಲ್ಲಿ, ಮತ್ತೆ 1935ರಲ್ಲಿ ಬಫೆಲೊ ಬಾಯು ಎಂಬ ಅಲ್ಲಿನ ಹಳ್ಳ ಉಕ್ಕಿ ಹ್ಯೂಸ್ಟನ್ನಿನ ನಡುಮಧ್ಯವನ್ನೇ ಮುಳುಗಿಸಿತ್ತು. ಆಮೇಲೆ ಅಲ್ಲಿನ ಸೈನ್ಯದ ಎಂಜಿನಿಯರ್‌ಗಳು ಊರಿನ ಪಶ್ಚಿಮಕ್ಕೆ ಎರಡು ಉದ್ದನೆಯ ಮಣ್ಣಿನ ಒಡ್ಡುಗಳನ್ನು ಹಾಕಿದರು. ಬಾರ್ಕರ್ 1945ರಲ್ಲಿ ಮುಗಿಯಿತು, ಆಡಿಕ್ಸ್ 1948ರಲ್ಲಿ. ಒಂದೊಂದು ಒಡ್ಡೂ ಇಪ್ಪತ್ತು ಕಿಲೋಮೀಟರಿನ ಆಸುಪಾಸು ಉದ್ದ. ಎರಡೂ ಬಹುಪಾಲು ದಿನ ಒಣಗಿರುತ್ತವೆ. ದೊಡ್ಡ ಮಳೆ ಬಂದಾಗ ಗೇಟು ಮುಚ್ಚಿ ನೀರು ಹಿಡಿಯುವುದು, ಮಳೆ ನಿಂತ ಮೇಲೆ ಕೆಳಗಿನ ಹಳ್ಳ ತಾಳುವಷ್ಟನ್ನೇ ಬಿಡುವುದು. ತಾಳುವಷ್ಟು ಎಂದರೆ ಎರಡೂ ಸೇರಿ ಸುಮಾರು 2,000 ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ ನೀರು. (ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನಿಂದ 2019ರಲ್ಲಿ ಐದು ಲಕ್ಷ ಕ್ಯೂಸೆಕ್ ದಾಟಿದ್ದನ್ನು ಕಂಡ ಬಾಗಲಕೋಟೆಯವರು ಈ ಅಂಕಿಗೆ ನಗಬಹುದು. ಆದರೆ ಊರೊಳಗಿನ ಹಳ್ಳದ ಲೆಕ್ಕವೇ ಬೇರೆ.) ಉಳಿದ ದಿನಗಳಲ್ಲಿ ಆ ಸಾವಿರಾರು ಎಕರೆ ಖಾಲಿ ನೆಲ ಏನಾಗಬೇಕು? ಉದ್ಯಾನವಾಗಿದೆ. ಬಾರ್ಕರ್‌ನೊಳಗೆ ಇರುವ ಒಂದೇ ಉದ್ಯಾನ ಸುಮಾರು 7,800 ಎಕರೆ. ಮಳೆ ಬಂದರೆ ಆಟದ ಮೈದಾನ ಮುಳುಗುತ್ತದೆ. ಮುಳುಗಲಿ ಎಂದೇ ಅಲ್ಲಿ ಮೈದಾನ ಮಾಡಿರುವುದು. ನೀರು ಇಳಿದ ಮೇಲೆ ಕೆಸರು ತೊಳೆದು ಮತ್ತೆ ಆಡುತ್ತಾರೆ.

ನನಗೆ ಇದು ಬಹಳ ಹಿಡಿಸಿತು. ನೆರೆಯ ಜಾಗವನ್ನೇ ಆಟಕ್ಕೆ ಕೊಡುವುದು, ಆಟದ ಜಾಗವನ್ನೇ ನೆರೆಗೆ ಬಿಡುವುದು. ಇಬ್ಬರು ಬಾಡಿಗೆದಾರರು ಪಾಳಿಯ ಮೇಲೆ ಒಂದೇ ಕೋಣೆಯಲ್ಲಿ ಇದ್ದ ಹಾಗೆ.

ಆದರೆ ನಾವು ಹೋಗಿದ್ದು ಹಾರ್ವೆ ಚಂಡಮಾರುತ ಬಂದು ಐದು ತಿಂಗಳಾದ ಮೇಲೆ. 2017ರ ಆಗಸ್ಟ್ ಕೊನೆಯಲ್ಲಿ ಆ ಪ್ರದೇಶದ ಹಲವು ಕಡೆ ನಾಲ್ಕೈದು ದಿನಗಳಲ್ಲಿ 1,000 ಮಿ.ಮೀ. ಮೀರಿ ಮಳೆ ಸುರಿದಿತ್ತು. ಬೆಳಗಾವಿಯ ಹೆಚ್ಚುಕಡಿಮೆ ಇಡೀ ವರ್ಷದ ಮಳೆ ಅದು. ಒಡ್ಡುಗಳು ಉಳಿದವು. ಆದರೆ ಜಲಾಶಯ ಪೂರ್ತಿ ತುಂಬಿದರೆ ನೀರು ಎಲ್ಲಿಯವರೆಗೆ ಹರಡುತ್ತದೋ ಅಷ್ಟೂ ನೆಲವನ್ನು ಸರ್ಕಾರ 1940ರ ದಶಕದಲ್ಲಿ ಕೊಂಡಿರಲಿಲ್ಲ. ಆಗ ಅದು ಊರಾಚೆಯ ಹುಲ್ಲುಗಾವಲು, ಯಾರು ಬರುತ್ತಾರೆ ಎಂದುಕೊಂಡಿರಬೇಕು. ಎಪ್ಪತ್ತು ವರ್ಷಗಳಲ್ಲಿ ಊರೇ ಬಂತು. ಅಂಚಿನಲ್ಲಿ ಸಾವಿರಾರು ಮನೆಗಳೆದ್ದವು. 2017ರಲ್ಲಿ ಏರುತ್ತ ಹೋದ ಜಲಾಶಯ ಹಿಂದಿನಿಂದ ಬಂದು ಆ ಮನೆಗಳ ಹಿತ್ತಿಲು ಹೊಕ್ಕಿತು. ಒಡ್ಡು ಉಳಿಸಲು ಗೇಟು ತೆರೆದಾಗ ಕೆಳಗಿನವರ ಮನೆಗಳಿಗೂ ನೀರು ನುಗ್ಗಿತು.

ತಂಗಿಯ ಮಗನ ಸ್ನೇಹಿತನೊಬ್ಬನ ಮನೆ ಅಂಥ ಬಡಾವಣೆಯಲ್ಲಿತ್ತು. ಗೋಡೆಗಳನ್ನು ಸೊಂಟದ ಎತ್ತರಕ್ಕೆ ಕತ್ತರಿಸಿ ತೆಗೆದಿದ್ದರು. ಊಟಕ್ಕೆ ಕರೆದಿದ್ದ ಆ ಹುಡುಗ ಹೇಳಿದ ಒಂದು ಸಂಗತಿ ಬ್ಯಾಂಕಿನವನಾದ ನನ್ನ ಕಿವಿ ನಿಮಿರಿಸಿತು. ಅಲ್ಲಿನ ಕೆಲವು ಲೇಔಟ್ ನಕ್ಷೆಗಳ ಮೂಲೆಯಲ್ಲಿ, ಈ ನೆಲ ಜಲಾಶಯದ ನೀರಿನಲ್ಲಿ ಮುಳುಗುವ ಸಾಧ್ಯತೆಗೆ ಒಳಪಟ್ಟಿದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತಂತೆ. ಮನೆ ಕೊಳ್ಳುವವರ ಕಣ್ಣಿಗೆ ಆ ಸಾಲು ಬಿದ್ದಿರಲಿಲ್ಲ, ಅಷ್ಟೇ.

ನಾನು ಮನಸ್ಸಿನಲ್ಲೇ ನಕ್ಕೆ. ಇಷ್ಟು ಓದಿದ ಜನ, ಒಂದು ನಕ್ಷೆ ಓದಲಿಲ್ಲವಲ್ಲ!

ನಮ್ಮ ಮನೆಯವರು ನಗಲಿಲ್ಲ. ಅವರು ಹಳೆಯ ಬಾಗಲಕೋಟೆಯವರು. ‘ಅಂದರೆ ಇವರೂ ಮುಳುಗಡೆಯವರೇ’ ಎಂದರು. ಆಲಮಟ್ಟಿ ಹಿನ್ನೀರಿಗೆ ಅವರ ತವರುಮನೆ ಹೋಯಿತು, ಮುಳುಗಡೆಯವರಿಗಾಗಿ ಕಟ್ಟಿದ ನವನಗರದ ಒಂದು ಸೆಕ್ಟರ್‌ನಲ್ಲಿ ನಿವೇಶನ ಸಿಕ್ಕಿತು. ಬಾಗಲಕೋಟೆಯಲ್ಲಿ 519.60 ಮೀಟರ್ ಎಂದರೆ ಆಲಮಟ್ಟಿಯ ನೀರಿನ ಮಟ್ಟ, 523 ಮೀಟರ್ ಎಂದರೆ ನಮ್ಮ ಓಣಿ ಹೋಗುತ್ತದೋ ಉಳಿಯುತ್ತದೋ ಎಂಬ ಪ್ರಶ್ನೆ. ಅಕ್ಷರ ಬಾರದ ಅಜ್ಜಿಯರೂ ಸಮುದ್ರಮಟ್ಟದಿಂದ ತಮ್ಮ ಮನೆಯ ಎತ್ತರವನ್ನು ಮೀಟರ್‌ನಲ್ಲಿ ಹೇಳುತ್ತಿದ್ದರು. ಪರಿಹಾರ ಸಾಕಾಯಿತೇ, ಸರಿಯಾಗಿ ಸಿಕ್ಕಿತೇ ಎಂಬುದು ಬೇರೆ ಕಥೆ, ಅದು ಇನ್ನೂ ಮುಗಿದಿಲ್ಲ. ಆದರೆ ಅಲ್ಲಿನವರಿಗೆ ತಮ್ಮ ಮನೆ ನೀರಿನ ಗೆರೆಯ ಕೆಳಗಿದೆ ಎಂದು ಗೊತ್ತಿತ್ತು. ಹ್ಯೂಸ್ಟನ್‌ನವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಅಲ್ಲಿಂದ ಬಂದ ಮರುವರ್ಷವೇ 2019ರ ಆಗಸ್ಟ್ ಬಂತು. ಮೊದಲ ವಾರದ ಆ ಮಳೆಯನ್ನು ಈ ಭಾಗದವರು ಯಾರೂ ಮರೆತಿರಲಿಕ್ಕಿಲ್ಲ. ಮಾರ್ಕಂಡೇಯ ನದಿ ಉಕ್ಕಿತು, ಬಳ್ಳಾರಿ ನಾಲಾ ಯಾವುದು ಗದ್ದೆ ಯಾವುದು ತಿಳಿಯದಾಯಿತು. ನಮ್ಮ ಮನೆಗೆ ನೀರು ಬಾಗಿಲಿನಿಂದ ಬರಲಿಲ್ಲ. ಮೊದಲು ಬಂದದ್ದು ಬಚ್ಚಲಿನ ಮೋರಿಯಿಂದ. ಗಳಗಳ ಸದ್ದು, ಆಮೇಲೆ ವಾಸನೆ, ಆಮೇಲೆ ನೀರು. ಬೆಳಗಾಗುವಷ್ಟರಲ್ಲಿ ಎರಡೂವರೆ ಅಡಿ. ಫ್ರಿಜ್ ಮಲಗಿ ತೇಲುತ್ತಿತ್ತು. ಮಗಳ ಮದುವೆಯ ಇಳಕಲ್ ಸೀರೆ ಇದ್ದ ಟ್ರಂಕಿನೊಳಗೆ ಗಟಾರದ ಕೆಸರು. ಅಟ್ಟದ ಮೇಲಿಟ್ಟಿದ್ದ ಉತಾರ, ಎನ್‌ಎ ಆದೇಶ, ಖರೀದಿ ಪತ್ರಗಳ ಕಡತ ಮಾತ್ರ ಒಂದಿಷ್ಟೂ ನೆನೆದಿರಲಿಲ್ಲ.

ನೀರಿಳಿದ ಮೇಲೆ ಸಲಿಕೆ ಹಿಡಿದು ಸಹಾಯಕ್ಕೆ ಬಂದವರು ಒಬ್ಬ ರೈತರು. ನಮ್ಮ ಪ್ಲಾಟುಗಳೆಲ್ಲ ಒಂದು ಕಾಲದಲ್ಲಿ ಅವರ ಮನೆತನದ ಗದ್ದೆಗಳು. ತಗ್ಗಿನಲ್ಲಿ ಉಳಿದ ಎರಡು ಎಕರೆಯಲ್ಲಿ ಈಗಲೂ ಭತ್ತ ಹಾಕುತ್ತಾರೆ. ಮರಾಠಿಯಲ್ಲಿ ಶುರುಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುವ ಮನುಷ್ಯ, ನಾವೆಲ್ಲ ಕಾಕಾ ಎನ್ನುತ್ತೇವೆ. ನಾನು ಗೋಳು ಹೇಳಿಕೊಳ್ಳುತ್ತಿದ್ದೆ, ನೀರು ನುಗ್ಗಿತು, ನೀರು ನುಗ್ಗಿತು ಎಂದು. ಕಾಕಾ ಕೆಸರು ಎತ್ತುತ್ತಲೇ, ‘ಸಾಹೇಬರೇ, ನಾವು ನೀರು ಬಂತು ಎನ್ನುತ್ತಿದ್ದೆವು’ ಎಂದರು.

ಅವರ ಆ ಗದ್ದೆಗಳು ಏನು ಮಾಡುತ್ತಿದ್ದವು ಎಂದು ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಹಳೆಯ ಚಾಳಿ, ಬಿಡುವುದಿಲ್ಲ. ಒಂದು ಎಕರೆಯಲ್ಲಿ ಒಂದು ಅಡಿ ನೀರು ನಿಂತರೆ 12 ಲಕ್ಷ ಲೀಟರಿಗಿಂತ ಹೆಚ್ಚು. 100 ಮಿ.ಮೀ. ಮಳೆ ಒಂದು ಎಕರೆಯ ಮೇಲೆ ಬಿದ್ದರೆ ಆಗುವುದು ಸುಮಾರು 4 ಲಕ್ಷ ಲೀಟರ್. ಅಂದರೆ ಒಂದಡಿ ಬದುವಿನ ಒಂದು ಎಕರೆ ಗದ್ದೆ, ಖಾಲಿ ಇದ್ದಾಗ, ಮೂರು ಎಕರೆಯ ಭಾರೀ ಮಳೆಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಯಾವ ಟೆಂಡರೂ ಇಲ್ಲದೆ, ಯಾವ ಶಂಕುಸ್ಥಾಪನೆಯ ಕಲ್ಲೂ ಇಲ್ಲದೆ ಇದು ನಡೆದುಕೊಂಡು ಬಂದಿತ್ತು. ಅದರ ಮೇಲೆ ನಾವು ಐದು ಅಡಿ ಮಣ್ಣು ತುಂಬಿ, ಕಾಂಕ್ರೀಟ್ ರಸ್ತೆ ಹಾಕಿ, ಬಡಾವಣೆಗೆ ಸರೋವರದ ಹೆಸರಿಟ್ಟೆವು. ಹೆಸರು ನಾನು ಹೇಳುವುದಿಲ್ಲ, ಆದರೆ ಇಟ್ಟವರಿಗೆ ಸತ್ಯ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಬೋಟಿಂಗ್ ಬೇಕೇ ಬೇಕು ಎನ್ನುವವರಿಗೂ ದಾರಿಯಿಲ್ಲ ಎಂದೇನಲ್ಲ. ಅಮೆರಿಕದ್ದೇ ಒಮಾಹಾ ಎಂಬ ಊರಿನಲ್ಲಿ, 1964ರ ನೆರೆಯಲ್ಲಿ ಜೀವಹಾನಿಯಾದ ಮೇಲೆ, ಪಾಪಿಯೊ ಹಳ್ಳದ ಕವಲುಗಳಿಗೆ ಸಣ್ಣ ಅಣೆಕಟ್ಟುಗಳನ್ನು ಕಟ್ಟಿದ್ದಾರೆ. ಅವುಗಳಲ್ಲಿ ನೀರಿಗೆ ಎರಡು ಅಂತಸ್ತು. ಕೆಳಗಿನ ಅಂತಸ್ತಿನಲ್ಲಿ ಸದಾ ನೀರು: ದೋಣಿ, ಮೀನು ಹಿಡಿಯುವವರು, ಬಾತುಕೋಳಿ ಎಲ್ಲ ಅಲ್ಲಿ. ಮೇಲಿನ ಅಂತಸ್ತು ಖಾಲಿ, ಹುಲ್ಲು ಹಾಸಿದ ಇಳಿಜಾರು. ಮಳೆ ಬಂದಾಗ ನೀರು ಆ ಇಳಿಜಾರು ಹತ್ತುತ್ತದೆ, ಮತ್ತೆ ಮೆಲ್ಲನೆ ಇಳಿಯುತ್ತದೆ. ಅವುಗಳಲ್ಲಿ ಒಂದಾದ ಜೋರಿನ್‌ಸ್ಕಿ ಕೆರೆಯಲ್ಲಿ 2010ರಲ್ಲಿ ಜೀಬ್ರಾ ಮಸೆಲ್ ಎಂಬ ಹೊರಗಿನ ಕಪ್ಪೆಚಿಪ್ಪು ಕಾಣಿಸಿಕೊಂಡಾಗ ಕೆರೆಯ ನೀರನ್ನು ಬಸಿದು, ಚಿಪ್ಪು ಚಳಿಗೆ ಸಾಯಲಿ ಎಂದು ತಳವನ್ನು ಚಳಿಗಾಲಕ್ಕೆ ತೆರೆದಿಟ್ಟರು. ಬೇಕೆಂದಾಗ ಕೆರೆ ಇಳಿಸುವ ತೂಬು ಅವರಿಗಿತ್ತು. ನಮ್ಮ ಅರ್ಜಿಯಲ್ಲಿ ದೀಪದ ಕಂಬಗಳ ಸಂಖ್ಯೆಯಿದೆ, ಕಾರಂಜಿಯಿದೆ, ಸೆಲ್ಫಿ ಪಾಯಿಂಟ್ ಇದೆ. ತೂಬು ಎಂಬ ಎರಡಕ್ಷರ ಹುಡುಕಿದೆ, ಸಿಗಲಿಲ್ಲ.

ತೊಂದರೆ ಎಲ್ಲಿದೆ ಎಂದರೆ, ಖಾಲಿ ಕೆರೆಯನ್ನು ನಾವು ಪ್ರೀತಿಸಲಾರೆವು. ರಾಕಸಕೊಪ್ಪ ತುಂಬಿದರೆ ಗಂಗಾಪೂಜೆ, ಬಾಗಿನ, ಪತ್ರಿಕೆಯಲ್ಲಿ ಫೋಟೊ. ಅದು ಕುಡಿಯುವ ನೀರಿನ ಜಲಾಶಯ, ಪೂಜೆ ಸರಿಯೇ. ಕೋಟೆ ಕೆರೆ ತುಂಬಿದ್ದರೆ ಅದರ ದಂಡೆಯ 110 ಮೀಟರ್ ಧ್ವಜಸ್ತಂಭದ ನೆರಳು ನೀರಿನಲ್ಲಿ ಕಾಣುತ್ತದೆ, ನನಗೂ ಅದು ಚೆಂದವೇ. ಕೆರೆ ಕೋಡಿ ಬಿದ್ದರೆ ಊರಿಗೆ ಹಬ್ಬ. ಆದರೆ ಮಳೆಗಾಲದ ಮುಂಚೆ ಕೆರೆಯ ನೀರನ್ನು ಇಳಿಸಿ, ಇಗೋ ಇಷ್ಟು ಜಾಗ ಖಾಲಿಯಾಯಿತು ಎಂದು ತೆಂಗಿನಕಾಯಿ ಒಡೆದವರನ್ನು ನಾನು ಕಂಡಿಲ್ಲ. ಖಾಲಿ ಎಂದರೆ ನಮಗೆ ಬರ, ಅಥವಾ ಯಾರೋ ಲಂಚ ತಿಂದ ಗುರುತು.

ವಿಜಯಪುರದವರು ಇದನ್ನು ಓದಿ ಸಿಟ್ಟಾಗಬಾರದು. 1651ರಲ್ಲಿ ಮೊಹಮ್ಮದ್ ಆದಿಲ್‌ಶಾಹ ತನ್ನ ಬೇಗಂ ಹೆಸರಿನಲ್ಲಿ ಕಟ್ಟಿಸಿದ ಬೇಗಂ ತಾಲಾಬ್ ತುಂಬಿಯೇ ಇರಬೇಕು. ಅದು ನೆರೆಗಾಗಿ ಹುಟ್ಟಿದ ಕೆರೆಯಲ್ಲ, ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಕಳಿಸಲು ಹುಟ್ಟಿದ್ದು. ವರ್ಷಕ್ಕೆ ಆರುನೂರು ಮಿ.ಮೀ. ಆಸುಪಾಸು ಮಳೆ ಕಾಣುವ ಊರಿನಲ್ಲಿ ಒಂದು ಹನಿಯನ್ನು ಬಿಟ್ಟರೂ ಪಾಪ. ಅಲ್ಲಿ ಪುಣ್ಯವಾದದ್ದು ನಮ್ಮ ತಗ್ಗಿನಲ್ಲಿಯೂ ಪುಣ್ಯವಾಗಲೇಬೇಕು ಎಂದೇನಿಲ್ಲ. ಕೆರೆ ಎಂಬ ಒಂದೇ ಹೆಸರಿನಲ್ಲಿ ನಾವು ಹತ್ತು ಬೇರೆ ಬೇರೆ ಕೆಲಸಗಳನ್ನು ಕರೆಯುತ್ತೇವೆ, ಗೊಂದಲ ಅಲ್ಲಿಂದಲೇ.

ನನ್ನ ವಾದಕ್ಕೆ ಎದುರಾಗಿ ಒಂದು ಮಾತು ಬಂತು. ನನ್ನ ಬಳಿ ಅದಕ್ಕೆ ಪೂರ್ತಿ ಉತ್ತರವಿಲ್ಲ. ಎದುರು ಮನೆಯ ನಿವೃತ್ತ ಮಾಸ್ತರರು ಕೇಳಿದರು: ‘ನೀವು ಹೇಳುವಂತೆ ಖಾಲಿ ಬಿಟ್ಟರೆ ಅದು ಎಷ್ಟು ವರ್ಷ ಖಾಲಿ ಉಳಿಯುತ್ತದೆ?’ ನಿಜ. ಮೊದಲ ವರ್ಷ ಕಟ್ಟಡದ ಅವಶೇಷ ತಂದು ಸುರಿಯುತ್ತಾರೆ. ಎರಡನೆಯ ವರ್ಷ ತಾತ್ಕಾಲಿಕ ಪಾರ್ಕಿಂಗ್. ಮೂರನೆಯ ವರ್ಷ ಯಾವುದಾದರೊಂದು ದೇವರು ಅಲ್ಲಿ ಉದ್ಭವಿಸುತ್ತಾನೆ. ನೀರು ತುಂಬಿದ ಕೆರೆಯನ್ನಾದರೂ ನೀರೇ ಕಾಯುತ್ತದೆ. ಖಾಲಿ ನೆಲವನ್ನು ಕಾಯುವವರು ಯಾರು? ಹ್ಯೂಸ್ಟನ್‌ನಲ್ಲಿ ಸರ್ಕಾರ ಕೊಂಡ ನೆಲ ಉಳಿಯಿತು, ಕೊಳ್ಳದೆ ಬಿಟ್ಟ ಅಂಚು ಹೋಯಿತು. 2019ರ ಡಿಸೆಂಬರ್‌ನಲ್ಲಿ ಅಲ್ಲಿನ ನ್ಯಾಯಾಲಯ ಆ ಮೇಲ್ಭಾಗದ ಮನೆಗಳ ಮುಳುಗಡೆಗೆ ಸರ್ಕಾರವೇ ಹೊಣೆ ಎಂದು ತೀರ್ಪು ಕೊಟ್ಟಿತು. ಬೇರೆಯವರ ನೆಲದ ಮೇಲೆ ನೀರು ನಿಲ್ಲಿಸುವುದೂ ಆ ನೆಲದ ಹಕ್ಕಿನ ಒಂದು ಪಾಲನ್ನು ಕಿತ್ತುಕೊಂಡಂತೆಯೇ, ಅದಕ್ಕೆ ಬೆಲೆ ಕೊಡಬೇಕು ಎಂಬುದು ಅದರ ಸಾರ.

ನನಗೆ ದಾರಿ ಕಂಡಿದ್ದು ಅಲ್ಲಿಯೇ. ಅರ್ಜಿ ಬರೆದವರು ಕಾಕಾ ಅವರ ಎರಡು ಎಕರೆಯನ್ನು ಅವರನ್ನು ಒಂದು ಮಾತು ಕೇಳದೆಯೇ ಕೆರೆಯೊಳಗೆ ಸೇರಿಸಿಬಿಟ್ಟಿದ್ದಾರೆ. ಅದರ ಬದಲು ಗದ್ದೆ ಗದ್ದೆಯಾಗಿಯೇ ಇರಲಿ, ಬದು ಸ್ವಲ್ಪ ಎತ್ತರವಾಗಲಿ, ಕೆಳಗೆ ಒಂದು ತೂಬು ಬರಲಿ. ಮಳೆಗಾಲದಲ್ಲಿ ನಮ್ಮ ನೀರನ್ನು ತಮ್ಮ ಗದ್ದೆಯಲ್ಲಿ ನಿಲ್ಲಿಸಿಕೊಳ್ಳುವುದಕ್ಕೆ ರೈತರಿಗೆ ವರ್ಷಕ್ಕಿಷ್ಟು ಎಂದು ಬಾಡಿಗೆ ಕೊಡಲಿ, ಬೆಳೆ ಕೊಳೆತ ವರ್ಷ ಅದರ ಬೆಲೆ ಬೇರೆ. ಲಾಕರಿಗೆ ಬಾಡಿಗೆ ಕೊಡುವುದಿಲ್ಲವೇ? ಅದರಲ್ಲೂ ನಾವು ಕೊಡುವುದು ಖಾಲಿ ಜಾಗಕ್ಕೇ. ನೆಲವನ್ನು ಕಾಯಲು ಆಗ ಬೇರೆ ಕಾವಲುಗಾರ ಬೇಡ, ಉಳುವವನೇ ಕಾಯುತ್ತಾನೆ. ಪಕ್ಕದ ಪಾಳು ನೆಲ ಮಾತ್ರ ಆಟದ ಮೈದಾನವಾಗಲಿ, ಬಡಾವಣೆಯ ರಸ್ತೆಗಿಂತ ನಾಲ್ಕು ಅಡಿ ತಗ್ಗಿನಲ್ಲಿ. ಗಟಾರದ ನೀರು ಮಾತ್ರ ಅಲ್ಲಿಗೆ ಬರಬಾರದು. ಅದಾಗದಿದ್ದರೆ ಕೆರೆಯೂ ಬೇಡ ಮೈದಾನವೂ ಬೇಡ, ಸೊಳ್ಳೆ ಪರದೆ ಹಂಚಿದರೆ ಸಾಕು.

ಈ ಮಾತನ್ನೆಲ್ಲ ಇನ್ನೊಂದು ಅರ್ಜಿಯಾಗಿ ಬರೆದಿದ್ದೇನೆ. ವಿಷಯ: ತಗ್ಗನ್ನು ತಗ್ಗಾಗಿಯೇ ಉಳಿಸುವ ಬಗ್ಗೆ. ಇಂದಿನವರೆಗೆ ಮೂರು ಸಹಿಗಳಾಗಿವೆ. ನನ್ನದು, ಮರಾಠಿಯಲ್ಲಿ ಕಾಕಾ ಅವರದು, ಉತ್ತರ ಸಾಲದು ಎಂದು ಗೊಣಗುತ್ತಲೇ ಮಾಸ್ತರರದು.

ನಿನ್ನೆ ರಾತ್ರಿ ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಎಲ್ಲ ಸರಿ, ಸಂಜೆ ಹೋಗಿ ಕುಳಿತುಕೊಳ್ಳಲು ಎರಡು ಬೆಂಚು ಕೇಳಿ ಎಂದರು. ‘ಮೈದಾನದ ಮೇಲಿನ ಅಂಚಿನಲ್ಲಿ ಎರಡು ಕಲ್ಲುಬೆಂಚು’ ಎಂದು ಸೇರಿಸಿದೆ. ಅವರು ಪೆನ್ನು ಕಸಿದುಕೊಂಡು ‘ಮೇಲಿನ ಅಂಚಿನಲ್ಲಿ’ ಎಂಬುದನ್ನು ಹೊಡೆದುಹಾಕಿದರು.

‘ಕೆಳಗೇ ಇರಲಿ. ಆಗಸ್ಟ್‌ನಲ್ಲಿ ಮುಳುಗಲಿ. ನೀರು ಎಲ್ಲಿಗೆ ಬಂತು ಎಂದು ಮನೆಯಿಂದಲೇ ಕಾಣುತ್ತದೆ’ ಎಂದರು. ಅದರ ಕೆಳಗೆ ನಾಲ್ಕನೆಯ ಸಹಿ ಹಾಕಿದರು.